ಹಾವೇರಿಯಾಗ ಹೀಟರ್ ಯಾಕ್ರೀ? ಹಳೇ ಡೀಸೆಲ್ ಜೀಪು ಕಲಿಸಿದ ಲೆಕ್ಕ

ಇವತ್ತಿನ ವಿಷಯ ಕೇಳಿ ನಗಬೇಡಿ. ಹಳೇ ಡೀಸೆಲ್ ಜೀಪಿನ ಹೀಟರ್ ಬಗ್ಗೆ ಮಾತಾಡೋಣ. "ಹಾವೇರಿಯಾಗ ಹೀಟರ್ ಯಾಕಪಾ, ಮಡಿಕೇರಿಯಾಗ ಅದೀಯೇನು?" ಅಂತ ಗೆಳೆಯರು ನಕ್ಕಿದ್ದರು. ಹೋದ ಡಿಸೆಂಬರ್ ತನಕ ನಾನೂ ಹಾಗೇ ನಗ್ತಿದ್ದೆ.

ಅವತ್ತು ಸೋಮವಾರ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ವ್ಯಾಪಾರ ಸೋಮವಾರ ಮತ್ತು ಗುರುವಾರ ಅನ್ನೋದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಾವನ ಚೀಲಗಳು ಹಿಂದಿನ ರಾತ್ರೀನೇ ಹೋಗಿದ್ದವು. ಅಪ್ಪ, ಮಾವ, ಮಾವನ ಮಗ, ನಾನು, ನಾಲ್ಕು ಜನ ಬೆಳಗಿನ ಐದಕ್ಕೆ ಹಾವೇರಿ ಬಿಟ್ಟೆವು. ಥಂಡಿ ಅಂತ ಕಿಟಕಿ ಎಲ್ಲಾ ಏರಿಸಿದ್ದೆವು. ಹೆದ್ದಾರಿ 48ಕ್ಕೆ ಹತ್ತಿ ಸ್ವಲ್ಪ ಹೊತ್ತಿಗೇ ಮುಂದಿನ ಗ್ಲಾಸಿನ ಒಳಮೈಗೆ ಮಬ್ಬು ಹಿಡಿಯಿತು. ಹೀಟರ್ ಪೂರ್ತಿ ತಿರುಗಿಸಿದೆ. ಬ್ಲೋವರ್ ಜೋರಾಗಿ ಕೂಗಿತು, ಬಂದದ್ದು ಮಾತ್ರ ತಣ್ಣನೆ ಗಾಳಿ. "ಒರಸಲೇ ತಮ್ಮಾ, ಏನೂ ಕಾಣವಲ್ದು" ಅಂದರು ಅಪ್ಪ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಬಟ್ಟೆ. ಮೋಟೆಬೆನ್ನೂರು ಕ್ರಾಸ್ ಹತ್ತಿರ ಎದುರಿಗೆ ಹಿಂದಿನ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್. ಗಾಡಿ ನಿಂತಾಗ ನಡುವೆ ಒಂದು ಮಾರು ಜಾಗ ಉಳಿದಿತ್ತು ಅಷ್ಟೇ. ಅಲ್ಲಿಂದ ಬ್ಯಾಡಗಿ ಮುಟ್ಟೋವರೆಗೆ ಯಾರೂ ಮಾತಾಡಲಿಲ್ಲ.

ನಮ್ಮ ಕಡೆ ಹೀಟರ್ ಬೇಕಾಗೋದು ಮೈ ಬೆಚ್ಚಗೆ ಮಾಡೋಕಲ್ಲ, ರಸ್ತೆ ಕಾಣೋಕೆ. ನಾಲ್ಕು ಜನರ ಉಸಿರಿನ ತೇವ ತಣ್ಣನೆ ಗ್ಲಾಸಿಗೆ ತಾಗಿ ಹನಿಯಾಗುತ್ತೆ. ಗ್ಲಾಸು ಬೆಚ್ಚಗಾದರೆ ಹನಿ ಹೋಗುತ್ತೆ.

ನೂರು ರೂಪಾಯಿ ಡೀಸೆಲ್ ಎಲ್ಲಿ ಹೋಗುತ್ತೆ?

ನಾನು ಬಿ.ಕಾಂ ಮಾಡಿದವನು, ಅದಕ್ಕೇ ಲೆಕ್ಕದಲ್ಲೇ ಹೇಳ್ತೀನಿ. ನೂರು ರೂಪಾಯಿಯ ಡೀಸೆಲ್ ಸುಟ್ಟರೆ, ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗ ಗಾಡಿ ಓಡಿಸೋಕೆ ಸಿಗುತ್ತೆ. ಇನ್ನೊಂದು ಭಾಗ ಸೈಲೆನ್ಸರ್‌ನಿಂದ ಹೊರಗೆ. ಉಳಿದದ್ದು ಇಂಜಿನ್ ಸುತ್ತ ಓಡಾಡೋ ಕೂಲಂಟ್‌ಗೆ ಬಿಸಿಯಾಗಿ ಸೇರುತ್ತೆ. ಹೀಟರ್‌ಗೆ ಬೇರೆ ಖರ್ಚಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಪುಟ್ಟ ರೇಡಿಯೇಟರ್ ಇರುತ್ತೆ, ಹೀಟರ್ ಕೋರ್ ಅಂತಾರೆ. ಆ ಬಿಸಿ ಕೂಲಂಟ್ ಅದರೊಳಗೆ ಹಾಯುತ್ತೆ, ಬ್ಲೋವರ್ ಅದರ ಮೇಲೆ ಗಾಳಿ ಊದುತ್ತೆ. ಬೊಲೆರೊ, ಹಳೇ ಥಾರ್, ಸ್ಕಾರ್ಪಿಯೊ, ಯಾವುದಾದರೂ ಲೆಕ್ಕ ಇದೇ.

ಅಂದ್ರೆ ಹೀಟರ್ ಬಿಸಿ ಆಗಲಿಲ್ಲ ಅಂದ್ರೆ ಇಂಜಿನ್ನಿನಲ್ಲಿ ಬಿಸಿಯೇ ಇಲ್ಲ, ಅಥವಾ ಬಿಸಿ ಇದೆ, ಒಳಗೆ ಬರ್ತಿಲ್ಲ.

ಮುಳ್ಳು ನೋಡಿ, ಪೈಪು ಮುಟ್ಟಿ

ಇದನ್ನ ಪತ್ತೆ ಹಚ್ಚೋಕೆ ದುಡ್ಡು ಬೇಡ. ಇಪ್ಪತ್ತು ನಿಮಿಷ ಗಾಡಿ ಓಡಿಸಿ ಟೆಂಪರೇಚರ್ ಮುಳ್ಳು ನೋಡಿ. ಆಮೇಲೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, ಬಾನೆಟ್ ಎತ್ತಿ. ಇಂಜಿನ್ ಕಡೆಯಿಂದ ಕ್ಯಾಬಿನ್ ಒಳಗೆ ಹೋಗೋ ಎರಡು ರಬ್ಬರ್ ಪೈಪುಗಳನ್ನ ಹುಷಾರಾಗಿ, ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ ನೋಡಿ.

ಮುಳ್ಳೂ ಕೆಳಗೆ, ಎರಡೂ ಪೈಪು ಉಗುರು ಬೆಚ್ಚಗೆ ಇದ್ದರೆ ಥರ್ಮೋಸ್ಟಾಟ್ ಮೇಲೆ ಅನುಮಾನ. ಮುಳ್ಳು ಸರಿ ಇದ್ದು, ಒಂದು ಪೈಪು ಸುಡ್ತಾ ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿಕೊಂಡಿದೆ, ಇಲ್ಲವೇ ಅದರ ವಾಲ್ ತೆರೆದಿಲ್ಲ. ಎರಡೂ ಸುಡ್ತಾ ಇದ್ದು ಗಾಳಿ ಮಾತ್ರ ತಣ್ಣಗೆ ಅಂದ್ರೆ ಡ್ಯಾಶ್‌ಬೋರ್ಡಿನ ನಾಬ್‌ನಿಂದ ಹೋಗೋ ಕೇಬಲ್ ಕಳಚಿರಬಹುದು. ಮುಳ್ಳು ಸರಿ ಇದ್ದೂ ಎರಡು ಪೈಪೂ ತಣ್ಣಗಿದ್ದರೆ ಕೂಲಂಟ್ ಕಡಿಮೆ ಇದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ನಮ್ಮ ಜೀಪಿನ ಮುಳ್ಳು ಕೆಳಗಿನ ಗೆರೆ ಬಿಟ್ಟು ಮೇಲೇಳಲೇ ಇಲ್ಲ.

ಖಾಲಿ ಮನೆ

ರಾಣೆಬೆನ್ನೂರಿನ ಒಂದು ಗ್ಯಾರೇಜಿಗೆ ಒಯ್ದೆವು. ಅಲ್ಲಿದ್ದ ಒಬ್ಬ ಡ್ರೈವರ್ ಕಾಕಾ, "ರೇಡಿಯೇಟರ್ ಮುಂದ ಒಂದು ರಟ್ಟು ಕಟ್ರಿ, ಬಿಸಿ ಆಕ್ಕೇತಿ" ಅಂದರು. ಬಿಸಿ ಆಗೋದು ನಿಜ. ಆದರೆ ಮಧ್ಯಾಹ್ನದ ಬಿಸಿಲಲ್ಲಿ ರಟ್ಟು ತೆಗೆಯೋದು ಮರೆತರೆ ಇಂಜಿನ್ನೇ ಹೋಗುತ್ತೆ. ಮೇಸ್ತ್ರಿ ಥರ್ಮೋಸ್ಟಾಟ್ ಕೂರೋ ಜಾಗ ಬಿಚ್ಚಿ ನಕ್ಕರು. ಒಳಗೆ ಏನೂ ಇರಲಿಲ್ಲ!

ಥರ್ಮೋಸ್ಟಾಟ್ ಅಂದ್ರೆ ಮೇಣ ತುಂಬಿದ ಸಣ್ಣ ವಾಲ್. ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ದಾರಿ ಮುಚ್ಚಿರುತ್ತೆ. ಬಿಸಿಯಾದ ಮೇಲೆ, ಎಷ್ಟೋ ಗಾಡಿಗಳಲ್ಲಿ 82 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮೇಣ ಕರಗಿ ಹಿಗ್ಗಿ ದಾರಿ ತೆರೆಯುತ್ತೆ. ಅದು ಇಲ್ಲದಿದ್ದರೆ ಇಂಜಿನ್ ಹುಟ್ಟಿಸಿದ ಬಿಸಿಯನ್ನೆಲ್ಲಾ ರೇಡಿಯೇಟರ್ ಮೊದಲ ನಿಮಿಷದಿಂದಲೇ ಗಾಳಿಗೆ ಹಂಚಿಬಿಡುತ್ತೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆರು ವರ್ಷದ ಹಿಂದ ಬ್ಯಾಸಗ್ಯಾಗ ಗಾಡಿ ಕುದಿಯಾಕ ಹತ್ತಿತ್ತು. ವಾಲ್ ತಗದ್ರ ಥಂಡಗ ಇರ್ತೇತಿ ಅಂದ್ರು. ನಾನ ತಗಿ ಅಂದಿದ್ದೆ."

ಅವತ್ತು ಗಾಡಿ ಕುದಿದದ್ದು ಯಾಕೆ? ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದೆವು. ಆ ಗಡಸು ನೀರಿನ ಉಪ್ಪು ರೇಡಿಯೇಟರ್ ಒಳಗೆ ಪದರ ಕಟ್ಟಿತ್ತು. ರೇಡಿಯೇಟರ್ ಸ್ವಚ್ಛ ಮಾಡೋ ಬದಲು ವಾಲ್ ಕಿತ್ತು ಹಾಕಿದೆವು. ಲೆಕ್ಕದ ಪುಸ್ತಕದಲ್ಲಿ ಒಂದು ತಪ್ಪು ಮುಚ್ಚೋಕೆ ಇನ್ನೊಂದು ತಪ್ಪು ಬರೆದ ಹಾಗೆ. ಬಾಕಿ ತೀರಲಿಲ್ಲ, ಬೇರೆ ಪುಟಕ್ಕೆ ಹೋಯಿತು ಅಷ್ಟೇ. ತಣ್ಣಗೆ ಓಡೋ ಡೀಸೆಲ್ ಇಂಜಿನ್ ಹೆಚ್ಚು ಡೀಸೆಲ್ ಕುಡಿಯುತ್ತೆ, ಹೊಗೆ ಬಿಡುತ್ತೆ, ಪೂರ್ತಿ ಸುಡದ ಡೀಸೆಲ್ ಆಯಿಲ್‌ಗೆ ಇಳಿದು ಸವೆತ ಜಾಸ್ತಿ ಮಾಡುತ್ತೆ. ಆರು ವರ್ಷ ನಾವು ಕೊಟ್ಟ ಬಡ್ಡಿ ಅದು. ಹೀಟರ್ ಆ ಬಾಕಿಯ ನೋಟಿಸ್ ಕೊಡ್ತಿತ್ತು, ನಾವು ಓದಿರಲಿಲ್ಲ.

ಮಾಡಿದ ಕೆಲಸ

ಹೊಸ ಥರ್ಮೋಸ್ಟಾಟನ್ನ ಹಾಕೋ ಮೊದಲು ಪಾತ್ರೆಯ ನೀರಲ್ಲಿ ಬಿಟ್ಟು ಕಾಯಿಸಿದೆವು. ನೀರು ಕುದಿಯೋ ಮುಂಚೆಯೇ ತೆರೆದುಕೊಂಡಿತು, ತಣಿದಾಗ ಮುಚ್ಚಿತು. ಸರಿ ಇದೆ ಅಂತ ಅರ್ಥ. ರೇಡಿಯೇಟರ್ ಬಿಚ್ಚಿ ಸ್ವಚ್ಛ ಮಾಡಿಸಿದೆವು. ಹೀಟರ್ ಕೋರಿನ ಎರಡೂ ಪೈಪು ಬಿಡಿಸಿ, ನೀರು ಬರೋ ದಿಕ್ಕಿಗೆ ಉಲ್ಟಾ, ನಿಧಾನಕ್ಕೆ ನೀರು ಬಿಟ್ಟೆವು. ಕಾಫಿ ಬಣ್ಣದ ನೀರು ಬಂತು, ತಿಳಿಯಾಗೋವರೆಗೆ ಬಿಟ್ಟೆವು. ಇಲ್ಲಿ ಜೋರು ಪ್ರೆಶರ್ ಬೇಡ, ಹಳೇ ಕೋರ್ ಒಡೆದರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕಾಗುತ್ತೆ.

ಆಮೇಲೆ ಬೋರ್ ನೀರು ಬಂದ್. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಹಾಕಿದೆವು. ನಿಮ್ಮ ಗಾಡಿಯ ಪುಸ್ತಕ ಬೇರೆ ಅಳತೆ ಹೇಳಿದ್ದರೆ ಅದನ್ನೇ ನಂಬಿ. ತುಂಬುವಾಗ ಹೀಟರ್ ನಾಬ್ ಬಿಸಿ ಕಡೆಗೇ ಇರಲಿ, ಗಾಡಿಯ ಮೂತಿ ಸ್ವಲ್ಪ ಏರಿನಲ್ಲಿರಲಿ, ಆಗ ಒಳಗಿನ ಗಾಳಿ ಹೊರಗೆ ಬರುತ್ತೆ. ಎರಡು ಎಚ್ಚರಿಕೆ: ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ, ಕುದಿಯೋ ನೀರು ಮುಖಕ್ಕೆ ಹಾರುತ್ತೆ. ಹಳೇ ಕೂಲಂಟ್ ನೆಲಕ್ಕೆ ಚೆಲ್ಲಬೇಡಿ, ಸಿಹಿ ಇರುತ್ತೆ ಅಂತ ನಾಯಿ, ದನ ನೆಕ್ಕುತ್ತವೆ. ಅದು ವಿಷ.

ಇನ್ನೊಂದು ಸಮಸ್ಯೆ ಶುದ್ಧ ಬ್ಯಾಡಗಿಯದು. ವೈಪರ್ ಕೆಳಗಿನ ಜಾಲರಿಯಿಂದ ಬ್ಲೋವರ್‌ಗೆ ಗಾಳಿ ಹೋಗುತ್ತೆ. ಅಲ್ಲಿ ಎಲೆ, ಧೂಳು, ಜೊತೆಗೆ ಮಾರುಕಟ್ಟೆಯ ಮೆಣಸಿನಕಾಯಿ ಪುಡಿ! ಸ್ವಚ್ಛ ಮಾಡಿದ ಹುಡುಗ ಹತ್ತು ನಿಮಿಷ ಸೀನಿದ. ನೀವು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೈ ಹಾಕಿ.

ಹೀಟರ್ ಸರಿ ಇದ್ದರೂ ಒಂದು ಅಭ್ಯಾಸ ಬೇಕು. ಮಬ್ಬು ಹಿಡಿದಾಗ ಒಳಗಿನ ಗಾಳಿಯನ್ನೇ ಸುತ್ತಿಸಬೇಡಿ, ಹೊರಗಿನ ಗಾಳಿಗೆ ತಿರುಗಿಸಿ. ಎಸಿ ಇದ್ದರೆ ಹೀಟರ್ ಜೊತೆಗೇ ಹಾಕಿ, ಅದು ತೇವ ಎಳೆದುಕೊಳ್ಳುತ್ತೆ.

ಮುಂದಿನ ಸೋಮವಾರ ಅದೇ ನಾಲ್ಕು ಜನ, ಅದೇ ಐದು ಗಂಟೆ. ಮೋಟೆಬೆನ್ನೂರು ಬರೋ ಹೊತ್ತಿಗೆ ಮುಳ್ಳು ನಡುವೆ ನಿಂತಿತ್ತು, ಗ್ಲಾಸು ತಿಳಿಯಾಗಿತ್ತು. ಅಪ್ಪ ಒರೆಸೋ ಬಟ್ಟೆ ಮಾತ್ರ ತೊಡೆ ಮೇಲೇ ಇಟ್ಟುಕೊಂಡಿದ್ದರು. ಬ್ಯಾಡಗಿಯಲ್ಲಿ ಇಳಿಯುವಾಗ ಅದನ್ನ ಮಡಚಿ ಸೀಟಿನ ಕೆಳಗೆ ತಳ್ಳಿದರು.

ನಿಮ್ಮ ಹಳೇ ಗಾಡಿಯಲ್ಲಿ ವಾಲ್ ಇದೆಯೋ ಇಲ್ಲವೋ ಈ ವಾರ ನೋಡಿ.