ಅಪ್ಸರಕೊಂಡದ ನೀರು, ತಡವರಿಸುವ ಕಂಪ್ಯೂಟರು

[ದೃಶ್ಯ: ಮಳೆಗಾಲದ ಜಲಪಾತ]
ಹೊನ್ನಾವರದ ಅಪ್ಸರಕೊಂಡ. ಧುಮುಕುವ ನೀರನ್ನು ಮೊಬೈಲಿನಲ್ಲಿ 4ಕೆ ವಿಡಿಯೊ ಮಾಡಿಕೊಂಡು ಬಂದಿರಿ. ಎಡಿಟಿಂಗಿಗೆ ಕೂತರೆ ಕಂಪ್ಯೂಟರು ತಡವರಿಸುತ್ತದೆ. ಹೊಸದು ಕೊಳ್ಳಬೇಕೇ? ಸ್ವಲ್ಪ ತಾಳಿ.

[ದೃಶ್ಯ: ನೀರ ಹನಿಗಳು, ಹತ್ತಿರದಿಂದ]
ಫುಲ್ ಎಚ್‌ಡಿಯ ಒಂದು ಫ್ರೇಮಿನಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್. 4ಕೆಯಲ್ಲಿ 83 ಲಕ್ಷ. ಜಾಗ ಉಳಿಸಲು ಮೊಬೈಲು ಹೆಚ್ಚಿನ ಫ್ರೇಮುಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆದಿಡುತ್ತದೆ. ಜಲಪಾತದಲ್ಲೋ ಹನಿಹನಿಯೂ ಬದಲಾಗುತ್ತಲೇ ಇರುತ್ತದೆ! ಅದನ್ನೆಲ್ಲ ಬಿಡಿಸಿ ತೋರಿಸುವಾಗ ಕಂಪ್ಯೂಟರು ಏದುಸಿರು ಬಿಡುತ್ತದೆ.

[ದೃಶ್ಯ: ಎಡಿಟಿಂಗ್ ಪರದೆ]
ಇದಕ್ಕೊಂದು ಉಪಾಯವಿದೆ, ಹೆಸರು ಪ್ರಾಕ್ಸಿ. ಅಂದರೆ ವಿಡಿಯೊದ ಹಗುರ ನಕಲು. ಕತ್ತರಿಸುವುದು, ಜೋಡಿಸುವುದು ನಕಲಿನ ಮೇಲೆ. ಕೊನೆಯ ಎಕ್ಸ್‌ಪೋರ್ಟ್ ಮೂಲದಿಂದ. ಉಚಿತವಾಗಿ ಸಿಗುವ ಎಡಿಟಿಂಗ್ ತಂತ್ರಾಂಶಗಳಾದ ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್ ಎರಡರಲ್ಲೂ ಈ ಸೌಲಭ್ಯವಿದೆ.

ಆಮೇಲೂ ದುಡ್ಡು ಹಾಕುವುದಾದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ನಂತರ ರ‍್ಯಾಮ್ 16 ಜಿಬಿಗೆ ಏರಿಸಿ. ಬಣ್ಣ ತಿದ್ದುವ ಕೆಲಸ, ಎಫೆಕ್ಟ್ ಜಾಸ್ತಿಯಿದ್ದರೆ ಮಾತ್ರ ಗ್ರಾಫಿಕ್ಸ್ ಕಾರ್ಡಿನ ಯೋಚನೆ ಮಾಡಿ.

[ದೃಶ್ಯ: ಪರದೆ ಮೇಲೆ "ಅಪ್ಸರಕೊಂಡ"]
ಶೀರ್ಷಿಕೆಗೆ ಯೂನಿಕೋಡ್ ಫಾಂಟ್ ಬಳಸಿ. "ಪ್ಸ" ಒತ್ತಕ್ಷರ ಸರಿಯಾಗಿ ಕೂತಿದೆಯೇ, ಎಕ್ಸ್‌ಪೋರ್ಟಿಗೆ ಮೊದಲೇ ನೋಡಿ. ಊರಿನ ಹೆಸರು ತಪ್ಪಾಗಬಾರದು.

[ದೃಶ್ಯ: ಕಡಲಂಚಿನ ಸಂಜೆ]
ಕೊನೆಯ ಮಾತು. ನಮ್ಮ ಕರಾವಳಿಯ ತೇವ, ಉಪ್ಪುಗಾಳಿ ಯಂತ್ರಗಳಿಗೆ ಆಗಿಬರದು. ಮೂಲ ವಿಡಿಯೊ ಎರಡು ಡಿಸ್ಕಿನಲ್ಲಿರಲಿ, ಎರಡು ಬೇರೆ ಮನೆಗಳಲ್ಲಿರಲಿ. ಈ ಮಳೆಗಾಲದ ನೀರು ಹರಿದುಹೋಯಿತು. ಅದರ ನೆನಪು ನಿಮ್ಮ ಕೈಯಲ್ಲಿದೆ. ಜೋಪಾನ ಮಾಡಿ.