ಟಿಕೆಟ್ ಉಚಿತ, ಬಸ್ಸು ಎಲ್ಲಿ? ತಲಕಾಡಿನಿಂದ ಕರಾವಳಿಯವರೆಗೆ ಒಂದು ಅವಲೋಕನ

ತಲಕಾಡು ಎಂದಾಕ್ಷಣ ನಮ್ಮ ಕರಾವಳಿಯ ಓದುಗರಿಗೆ ನೆನಪಾಗುವುದು ಮರಳು. ಒಂದು ಕಾಲಕ್ಕೆ ಗಂಗರ ರಾಜಧಾನಿಯಾಗಿದ್ದ, ಹೊಯ್ಸಳ ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ ಎಂಬ ಬಿರುದು ತಂದುಕೊಟ್ಟ, ಕಾವೇರಿಯ ಎಡದಂಡೆಯ ಈ ಊರು ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದಲ್ಲಿದೆ. ರಜೆಯಲ್ಲಿ ಕಾರು ಇಲ್ಲವೇ ಟೂರಿಸ್ಟ್ ವ್ಯಾನ್ ಮಾಡಿಕೊಂಡು ಹೋಗಿ, ಮರಳಿನ ನಡುವಿನ ದೇವಾಲಯಗಳನ್ನು ನೋಡಿ, ಹೊಳೆಯ ದಡದಲ್ಲಿ ಬುತ್ತಿ ಬಿಚ್ಚಿ ಊಟ ಮಾಡಿ ಸಂಜೆಗೆ ಮರಳುವವರಿಗೆ ಅದೊಂದು ದಿನದ ಪ್ರವಾಸ. ಅದೇ ಊರಿನ ಮತ್ತು ಸುತ್ತಲಿನ ಹಳ್ಳಿಗಳ ಜನರಿಗೆ ಆ 45 ಕಿ.ಮೀ. ಎಂದರೆ ಬೇರೆಯೇ ಲೆಕ್ಕ.

ತಾಲೂಕು ಕಚೇರಿ, ನ್ಯಾಯಾಲಯ, ತಾಲೂಕು ಆಸ್ಪತ್ರೆ ಇರುವುದು ತಿರುಮಕೂಡಲು ನರಸೀಪುರದಲ್ಲಿ. ಅದಕ್ಕೂ ಮೇಲಿನ ಚಿಕಿತ್ಸೆ ಬೇಕಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಬೇಕು. ಹೆರಿಗೆ, ಮಕ್ಕಳ ಕಾಯಿಲೆಯಾದರೆ ಅಲ್ಲಿಯೇ ಇರುವ ಚೆಲುವಾಂಬ ಆಸ್ಪತ್ರೆ. ನಂಜನಗೂಡಿಗೆ ರೈಲು ಇದೆ. ಮೈಸೂರು–ಚಾಮರಾಜನಗರ ಮಾರ್ಗ 2008ರಲ್ಲಿ ಬ್ರಾಡ್‌ಗೇಜ್ ಕೂಡ ಆಯಿತು. ಆದರೆ ನರಸೀಪುರ ಪಟ್ಟಣಕ್ಕೂ ತಲಕಾಡಿಗೂ ರೈಲಿಲ್ಲ. ಆದ್ದರಿಂದ ಸ್ವಂತ ವಾಹನ ಇಲ್ಲದವರಿಗೆ ಉಳಿದಿರುವುದು ಬಸ್ಸು, ಅದು ತಪ್ಪಿದರೆ ಆಟೋ.

ಸ್ವಂತ ವಾಹನ ಇಲ್ಲದವರು ಎಂದರೆ ಯಾರೋ ನಾಲ್ಕು ಮಂದಿ ಬಡವರು ಎಂದು ಭಾವಿಸಬಾರದು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕಾರು, ಜೀಪು ಅಥವಾ ವ್ಯಾನ್ ಇದ್ದ ಕುಟುಂಬಗಳು ಶೇ. 4.7 ಮಾತ್ರ. ಆ ಮೇಲೆ ಕಾರುಗಳು ಹೆಚ್ಚಿವೆ, ನಿಜ; ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೂ ಕಾರಿದ್ದ ಕುಟುಂಬಗಳು ಶೇ. 8ನ್ನು ಮುಟ್ಟಿರಲಿಲ್ಲ. ಮನೆಯಲ್ಲಿ ಬೈಕ್ ಇದ್ದರೂ ಅದು ಸಾಮಾನ್ಯವಾಗಿ ಗಂಡನೋ ಮಗನೋ ಬಿಡುವ ಬೈಕ್. ಅವನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದ ತಾಯಿ, ಅತ್ತೆ, ಕಾಲೇಜಿಗೆ ಹೋಗುವ ಹುಡುಗಿ ಎಲ್ಲರೂ ವಾಹನವಿಲ್ಲದವರೇ. ರಸ್ತೆ ಅಗಲವಾಗಬೇಕು, ಪಾರ್ಕಿಂಗ್ ಬೇಕು ಎಂದು ಕೇಳುವವರ ದನಿ ದೊಡ್ಡದು. ನಿಲ್ದಾಣದಲ್ಲಿ ಕಾಯುವವರ ದನಿ ಯಾಕೋ ಅಷ್ಟು ದೂರ ಕೇಳಿಸುವುದಿಲ್ಲ.

ಇಂಥವರ ಪಾಲಿಗೆ 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಒಂದು ದೊಡ್ಡ ತಿರುವು ಎಂದರೆ ತಪ್ಪಾಗಲಾರದು. ರಾಜ್ಯದ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ಟಿಕೆಟ್ ಹಣ ಕೊಡದೆ ಹೋಗಬಹುದು. ರಾಜಹಂಸ, ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. 2025ರ ಜುಲೈ 14ರಂದು ಐನೂರು ಕೋಟಿಯ ಟಿಕೆಟನ್ನು ಸ್ವತಃ ಮುಖ್ಯಮಂತ್ರಿಗಳೇ ವಿತರಿಸಿದರು. ಟೀಕೆಗಳೂ ಬಂದವು. ‘ಹೆಂಗಸರು ಸುಮ್ಮನೆ ಊರು ಸುತ್ತುತ್ತಾರೆ’ ಎಂಬ ಕುಹಕ ನಮ್ಮ ಕಡೆಯೂ ಕೇಳಿಬಂತು. ಕಾರಿನಲ್ಲಿ ತಲಕಾಡಿನ ಮರಳು ನೋಡಲು ಹೋದರೆ ಅದು ಪ್ರವಾಸ, ಬಸ್ಸಿನಲ್ಲಿ ತವರಿಗೆ ಹೋದರೆ ಅದು ಸುತ್ತಾಟ ಎಂಬ ಈ ತರ್ಕ ನಮಗೆ ಅರ್ಥವಾಗಿಲ್ಲ.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಟಿಕೆಟ್ ಉಚಿತವಾದ ಮಾತ್ರಕ್ಕೆ ಪ್ರಯಾಣ ಸಾಧ್ಯವಾಯಿತು ಎಂದಲ್ಲ. ಬಸ್ಸು ಇರಬೇಕು, ಬೇಕಾದ ಹೊತ್ತಿಗೆ ಬರಬೇಕು, ಅದರೊಳಗೆ ಹತ್ತಲು ಆಗಬೇಕು.

ಹೊತ್ತಿನ ಮಾತನ್ನೇ ಮೊದಲು ನೋಡೋಣ. ಹಳ್ಳಿಯ ಬದುಕನ್ನು ನಿರ್ಧರಿಸುವುದು ಮೊದಲ ಬಸ್ಸು ಮತ್ತು ಕೊನೆಯ ಬಸ್ಸು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಪಾಳಿಗೆ ಹಾಜರಾಗಬೇಕಾದ ಕಾರ್ಮಿಕಳಿಗೆ ಎಂಟು ಗಂಟೆಯ ಬಸ್ಸು ಇದ್ದೂ ಇಲ್ಲದಂತೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ, ಡಾಕ್ಟರರನ್ನು ಕಂಡು, ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾದು ಹೊರಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಮೈಸೂರಿನಿಂದ ನರಸೀಪುರದವರೆಗೆ ಬಸ್ಸು ಸಿಗಬಹುದು. ಅಲ್ಲಿಂದ ಒಳಗಿನ ಹಳ್ಳಿಗೆ ಕೊನೆಯ ಬಸ್ಸು ಹೋಗಿಬಿಟ್ಟಿದ್ದರೆ ಆ ದಿನದ ಕೂಲಿಯ ಜೊತೆಗೆ ಆಟೋ ಬಾಡಿಗೆಯೂ ಹೋಯಿತು. ಉಚಿತ ಪ್ರಯಾಣದ ನಿಜವಾದ ಬೆಲೆ ಕೊನೆಯ ಆ ಕೆಲವು ಕಿಲೋಮೀಟರುಗಳಲ್ಲಿ ವಸೂಲಾಗುತ್ತದೆ.

ಇದಕ್ಕೆ ನಮ್ಮ ಸಾರಿಗೆ ನಿಗಮದ ಹಳೆಯ ಪರಿಹಾರವೊಂದಿದೆ. ಅದೇ ಹಾಲ್ಟ್ ಬಸ್. ಸಂಜೆ ಡಿಪೋದಿಂದ ಹೊರಟು ರಾತ್ರಿ ಹಳ್ಳಿ ಸೇರಿ, ಅಲ್ಲೇ ತಂಗಿ, ನಸುಕಿನಲ್ಲಿ ಅಲ್ಲಿಂದಲೇ ಹೊರಡುವ ಬಸ್ಸು. ಒಂದೇ ಬಸ್ಸು ಕೊನೆಯ ಬಸ್ಸೂ ಹೌದು, ಮೊದಲ ಬಸ್ಸೂ ಹೌದು. ಹಾಲು, ತರಕಾರಿ, ಕಾಲೇಜು ಮಕ್ಕಳು, ಕಾರ್ಖಾನೆಯ ಕೆಲಸಗಾರರು ಎಲ್ಲರಿಗೂ ಅದೇ ಆಸರೆ. ಆದರೆ ಚಾಲಕ ಮತ್ತು ನಿರ್ವಾಹಕರು ರಾತ್ರಿ ಎಲ್ಲಿ ಮಲಗಬೇಕು? ಎಷ್ಟೋ ಕಡೆ ಬಸ್ಸಿನ ಸೀಟೇ ಹಾಸಿಗೆ. ಶೌಚಾಲಯ, ಸ್ನಾನದ ನೀರು ಇಲ್ಲ. ಆದ್ದರಿಂದ ಸಿಬ್ಬಂದಿ ಒಲ್ಲೆ ಎನ್ನುವುದು ಸಹಜ. ಪಂಚಾಯಿತಿಯವರು ಒಂದು ಕೋಣೆ, ಎರಡು ಮಂಚ, ಒಂದು ಶೌಚಾಲಯ ಒದಗಿಸಿದರೆ ಹಾಲ್ಟ್ ಬಸ್ ಉಳಿಯುವ ಸಂಭವ ಹೆಚ್ಚು. ಸಾರಿಗೆಯ ನ್ಯಾಯ ಎಂಬ ದೊಡ್ಡ ಮಾತು ಹೀಗೆ ಕೆಲವೊಮ್ಮೆ ಎರಡು ಮಂಚಗಳ ಪ್ರಶ್ನೆಯಾಗಿರುತ್ತದೆ.

ಇನ್ನು ಹತ್ತುವ ಮಾತು. ನಮ್ಮ ಸಾಮಾನ್ಯ ಬಸ್ಸಿನ ನೆಲ ರಸ್ತೆಯಿಂದ ಸುಮಾರು 900 ಮಿ.ಮೀ. ಎತ್ತರದಲ್ಲಿರುತ್ತದೆ, ನಗರಗಳ ಲೋ-ಫ್ಲೋರ್ ಬಸ್ಸಿನದು 400 ಮಿ.ಮೀ. ಮಂಡಿನೋವಿನ ಅಜ್ಜಿಗೆ, ಊರುಗೋಲಿನ ಯುವಕನಿಗೆ, ಕಂಕುಳಲ್ಲಿ ಮಗುವಿರುವ ತಾಯಿಗೆ ಈ ಅರ್ಧ ಮೀಟರಿನ ವ್ಯತ್ಯಾಸವೇ ಮನೆಗೂ ಹೊರಜಗತ್ತಿಗೂ ನಡುವಿನ ಗೋಡೆ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 41ನೇ ಕಲಮು ಬಸ್ ನಿಲ್ದಾಣ, ವಾಹನ, ರಸ್ತೆ ಮೂರೂ ಅವರ ಬಳಕೆಗೆ ತಕ್ಕಂತೆ ಇರಬೇಕೆಂದು ಹೇಳುತ್ತದೆ. ನಿಗಮವು ಅಂಗವಿಕಲರಿಗೆ ರಿಯಾಯಿತಿ ಪಾಸ್ ಕೊಡುತ್ತದೆ, 60 ದಾಟಿದವರಿಗೆ ದರದಲ್ಲಿ ಶೇ. 25 ಕಡಿತವೂ ಇದೆ. ಪಾಸು ಕೈಯಲ್ಲಿದ್ದು ಮೆಟ್ಟಿಲು ಕಾಲಿಗೆ ಎಟುಕದಿದ್ದರೆ ಏನು ಪ್ರಯೋಜನ? ಹಳ್ಳಿ ರಸ್ತೆಗೆ ಲೋ-ಫ್ಲೋರ್ ಬಸ್ ಹೊಂದುವುದಿಲ್ಲ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಹಾಗಿದ್ದರೆ ನಿಲ್ದಾಣದ ಕಟ್ಟೆಯನ್ನು ಎತ್ತರಿಸಬಹುದು, ಬಸ್ಸು ಆ ಕಟ್ಟೆಗೆ ತಾಗಿ ನಿಲ್ಲುವಂತೆ ಮಾಡಬಹುದು, ಕೈಹಿಡಿ ಮತ್ತು ಹೆಚ್ಚುವರಿ ಮೆಟ್ಟಿಲು ಹಾಕಿಸಬಹುದು. ಇವಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ.

ಬಸ್ಸೇ ಇಲ್ಲದಿರುವುದು ಮೂರನೆಯ ಸಂಗತಿ. ಪ್ರತಿ ಕಿಲೋಮೀಟರಿಗೆ ಎಷ್ಟು ಆದಾಯ ಎಂದು ಲೆಕ್ಕ ಹಾಕಿಯೇ ಮಾರ್ಗಗಳ ಬೆಲೆ ಕಟ್ಟುವುದು ರೂಢಿ. ಮೈಸೂರು–ಬೆಂಗಳೂರು ರಸ್ತೆಯ ಬಸ್ಸಿನ ಮುಂದೆ ಹಳ್ಳಿ ಬಸ್ಸು ಈ ಲೆಕ್ಕದಲ್ಲಿ ಯಾವಾಗಲೂ ಸೋಲುತ್ತದೆ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿನ ಮೊತ್ತವನ್ನು ಸರ್ಕಾರವೇ ನಿಗಮಕ್ಕೆ ಭರಿಸಬೇಕು. ಆ ಹಣ ಸಕಾಲಕ್ಕೆ ಬಂದರೆ ಹಳ್ಳಿಯ ಹೆಣ್ಣುಮಗಳೂ ನಿಗಮಕ್ಕೆ ಆದಾಯ ತರುವ ಪ್ರಯಾಣಿಕಳೇ. ತಡವಾದರೆ ಅವಳು ಹೊರೆಯಾಗಿ ಕಾಣುತ್ತಾಳೆ, ಹಳೆಯ ಬಸ್ಸಿನ ಬದಲಿಗೆ ಹೊಸದು ಬರುವುದೂ ತಡವಾಗುತ್ತದೆ. ಪುರುಷರಿಗೆ 2025ರ ಜನವರಿ 5ರಿಂದ ದರ ಶೇ. 15ರಷ್ಟು ಏರಿದೆ ಎಂಬುದನ್ನೂ ಮರೆಯಬಾರದು. ಬಡ ರೈತ, ಕೂಲಿಯಾಳು ಆ ದರವನ್ನೇ ಕೊಡುತ್ತಾನೆ.

ಮನಸ್ಸು ಮಾಡಿದರೆ ಬಸ್ಸು ಬರುತ್ತದೆ ಎಂಬುದನ್ನು ತಲಕಾಡೇ ತೋರಿಸಿದೆ. 2009, 2013ರ ಪಂಚಲಿಂಗ ದರ್ಶನಕ್ಕೆ ಲಕ್ಷಾಂತರ ಜನ ಬಂದಾಗ ವಿಶೇಷ ಬಸ್ಸುಗಳು ಓಡಿದವು. 2020ರ ಡಿಸೆಂಬರಿನಲ್ಲಿ ಕೊರೊನಾ ಕಾರಣದಿಂದ ದರ್ಶನಕ್ಕೆ ನಿರ್ಬಂಧವಿತ್ತು. ಜಾತ್ರೆಗೆ ಬಸ್ಸು ಹೊಂದಿಸಬಲ್ಲ ವ್ಯವಸ್ಥೆಗೆ ಸೋಮವಾರ ಬೆಳಗಿನ ಕಾಲೇಜಿಗೆ ಒಂದು ಬಸ್ಸು ಹೊಂದಿಸುವುದು ಅಸಾಧ್ಯವಲ್ಲ.

ಇಷ್ಟೆಲ್ಲ ತಲಕಾಡಿನ ಕಥೆಯನ್ನು ಕರಾವಳಿಯವರಾದ ನಾವೇಕೆ ಓದಬೇಕು ಎಂದು ಕೇಳಬಹುದು. ನಮ್ಮ ಕಥೆ ಅದರ ಇನ್ನೊಂದು ಮಗ್ಗುಲು. ಹಳೆಯ ಮೈಸೂರಿನಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. 1948ರಲ್ಲಿ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬರುವಷ್ಟರಲ್ಲಿ ಇಲ್ಲಿ ಖಾಸಗಿ ಬಸ್ ಕಂಪನಿಗಳು ಬೇರೂರಿದ್ದವು. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಸರ್ಕಾರಿ ಬಸ್ಸು ಧಾರಾಳ. ಮಂಗಳೂರು ನಗರ, ಮಂಗಳೂರು–ಉಡುಪಿ–ಕುಂದಾಪುರ ರಸ್ತೆಯಲ್ಲಿ ಖಾಸಗಿಯವರದೇ ಪಾರುಪತ್ಯ. ಖಾಸಗಿ ಬಸ್ಸುಗಳಿಂದ ನಮಗೆ ಲಾಭವೇ ಆಗಿದೆ: ಐದು ಹತ್ತು ನಿಮಿಷಕ್ಕೊಂದು ಬಸ್ಸು ರಾಜ್ಯದ ಎಷ್ಟು ತಾಲೂಕುಗಳಿಗೆ ಇದೆ? ಆದರೆ ಅವುಗಳಲ್ಲಿ ಶಕ್ತಿ ಟಿಕೆಟ್ ನಡೆಯುವುದಿಲ್ಲ. ತಲಕಾಡಿನ ತಾಯಿಗೆ ಟಿಕೆಟ್ ಇದೆ, ಬಸ್ಸು ಸಾಲದು. ಕಾಪುವಿನ ತಾಯಿಗೆ ಬಸ್ಸು ಇದೆ, ಉಚಿತ ಟಿಕೆಟ್ ಇಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸರನ್ನು ಎಷ್ಟು ಬಸ್ಸುಗಳು ಸಂತೋಷದಿಂದ ಹತ್ತಿಸಿಕೊಳ್ಳುತ್ತವೆ ಎಂಬುದನ್ನು ಓದುಗರೇ ಬಲ್ಲರು.

ಬೇರೆಯವರು ಏನು ಮಾಡಿದ್ದಾರೆ? ಲಕ್ಸೆಂಬರ್ಗ್ ದೇಶ 2020ರಿಂದ ಬಸ್ಸು, ಟ್ರಾಮ್, ರೈಲು ಎಲ್ಲವನ್ನೂ ಎಲ್ಲರಿಗೂ ಉಚಿತ ಮಾಡಿದೆ. ರೈಲಿನ ಪ್ರಥಮ ದರ್ಜೆಗೆ ಮಾತ್ರ ಹಣ. ನಮಗೆ ಅದಕ್ಕಿಂತ ಹಿಡಿಸಿದ್ದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಪ್ರಾಂತದ ನಿಯಮ. ಅಲ್ಲಿ 300 ಜನರಿರುವ ವಸತಿಗೂ ಸಾರ್ವಜನಿಕ ಸಾರಿಗೆ ತಲುಪಲೇಬೇಕೆಂದು ನಿಯಮವೇ ಹೇಳುತ್ತದೆ. ಆದಾಯದ ಲೆಕ್ಕ ಆಮೇಲೆ. ಶ್ರೀಮಂತ ದೇಶದ ಮಾತು ಎನ್ನುವುದಾದರೆ ಪಕ್ಕದ ತಮಿಳುನಾಡನ್ನೇ ನೋಡಬಹುದು. 1997ರಲ್ಲಿ ಅಲ್ಲಿ ಮಿನಿ ಬಸ್ ಯೋಜನೆ ಬಂತು. ಖಾಸಗಿಯವರಿಗೆ ಪರವಾನಗಿ, ಆದರೆ ಮಾರ್ಗದ ಬಹುಪಾಲು ಬಸ್ಸಿಲ್ಲದ ರಸ್ತೆಯಲ್ಲಿಯೇ ಇರಬೇಕೆಂಬ ಷರತ್ತು. 2025ರಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ಜಾರಿಗೆ ತರಲಾಗಿದೆ.

ನಮ್ಮಲ್ಲಿ ಈ ಜಾಗವನ್ನು ತುಂಬುತ್ತಿರುವುದು ಶೇರ್ ಆಟೋ ಮತ್ತು ಮ್ಯಾಕ್ಸಿ ಕ್ಯಾಬ್. 1988ರ ಮೋಟಾರು ವಾಹನ ಕಾಯ್ದೆಯಂತೆ ದಾರಿಯುದ್ದಕ್ಕೂ ಒಬ್ಬೊಬ್ಬರಿಂದ ಬೇರೆ ಬೇರೆ ದರ ಪಡೆದು ಹತ್ತಿಸಿ ಇಳಿಸುವ ಹಕ್ಕು ‘ಸ್ಟೇಜ್ ಕ್ಯಾರೇಜ್’ ಪರವಾನಗಿಯ ವಾಹನಕ್ಕೆ ಮಾತ್ರ. ಕ್ಯಾಬ್, ಆಟೋ ‘ಕಾಂಟ್ರಾಕ್ಟ್ ಕ್ಯಾರೇಜ್’. ಒಟ್ಟಾಗಿ ಬಾಡಿಗೆಗೆ ಹೋಗಬೇಕು. ಹೀಗಾಗಿ ಜನರಿಗೆ ನಿಜವಾಗಿ ಉಪಯೋಗವಾಗುವ ಸೇವೆ ಕಾನೂನಿನ ಹೊರಗಿದೆ, ಅಪಘಾತವಾದರೆ ವಿಮೆಗೆ ತೊಡಕು. ಮುಚ್ಚಿಸುವುದಕ್ಕಿಂತ, ಬಸ್ಸಿಲ್ಲದ ಮಾರ್ಗಗಳಲ್ಲಿ ದರ ನಿಗದಿ ಮಾಡಿ ಸ್ಟೇಜ್ ಪರವಾನಗಿ ಕೊಡುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಬಸ್ಸು ಬೇಕೆನ್ನುವವರು ಕೇಳಬೇಕಾದ ಬಾಗಿಲು ಎರಡು. ಸರ್ಕಾರಿ ಬಸ್ಸಿಗೆ ಡಿಪೋ ವ್ಯವಸ್ಥಾಪಕರು ಮತ್ತು ವಿಭಾಗೀಯ ನಿಯಂತ್ರಣಾಧಿಕಾರಿ. ಖಾಸಗಿ ಬಸ್ಸಿನ ಪರವಾನಗಿ, ಸಮಯ, ಮಾರ್ಗದ ವಿಷಯಕ್ಕೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಬರಿಯ ‘ಬಸ್ಸು ಬೇಕು’ ಎಂಬ ಮನವಿಗಿಂತ, ಯಾವ ಹೊತ್ತಿಗೆ ಎಷ್ಟು ವಿದ್ಯಾರ್ಥಿಗಳು, ಎಷ್ಟು ಕಾರ್ಮಿಕರು, ಎಷ್ಟು ರೋಗಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬ ಒಂದು ವಾರದ ಪಟ್ಟಿಯನ್ನು ಗ್ರಾಮಸಭೆಯ ನಿರ್ಣಯದೊಂದಿಗೆ ಲಗತ್ತಿಸಿದರೆ ಅಧಿಕಾರಿಗೂ ತಳ್ಳಿಹಾಕುವುದು ಕಷ್ಟ. ಪಟ್ಟಿ ಬರೆಯುವ ಕೆಲಸವನ್ನು ಸ್ತ್ರೀಶಕ್ತಿ ಸಂಘಗಳಿಗೇ ವಹಿಸುವುದು ಒಳ್ಳೆಯದು. ಯಾವ ಬಸ್ಸು ಎಷ್ಟು ಹೊತ್ತು ತಡವಾಗಿ ಬರುತ್ತದೆ, ಯಾವುದು ನಿಲ್ಲಿಸದೆ ಹೋಗುತ್ತದೆ ಎಂಬುದು ದಿನವೂ ನಿಲ್ದಾಣದಲ್ಲಿ ನಿಲ್ಲುವ ಅವರಿಗೇ ಚೆನ್ನಾಗಿ ಗೊತ್ತು.