ಆಟದ ವಿಮಾನವೂ ಹೆಣ್ಣುಮಕ್ಕಳೂ

2021ನೆಯ ಇಸವಿ ಜನವರಿ 11ರಂದು, ಬೆಳಕು ಹರಿಯುವುದಕ್ಕೆ ಇನ್ನೂ ಹೊತ್ತಿರುವಾಗ, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಬಂದಿಳಿಯಿತು. ಅದು ಹೊರಟದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ. ನಡುವೆ ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಹಿಮಪ್ರದೇಶದ ಮೇಲೆ ಹಾಯ್ದು, ಸುಮಾರು ಹದಿನೇಳು ಗಂಟೆ ಹಾರಿ ಬಂದ ಆ ವಿಮಾನವನ್ನು ನಡೆಸಿದವರು ನಾಲ್ವರೂ ಹೆಂಗಸರೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರಿಗೆ ಮುಂದಾಳು. ಪತ್ರಿಕೆಗಳಲ್ಲಿ ಬಂದ ಅವರ ಚಿತ್ರವನ್ನು ನೀವೂ ನೋಡಿರಬಹುದು.

ಇದು ಎಲ್ಲೋ ಒಂದು ದಿನದ ಅಪರೂಪವೆಂದು ತಿಳಿಯಬೇಡಿ. ನಮ್ಮ ದೇಶದ ವಿಮಾನ ಚಾಲಕರಲ್ಲಿ ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಮಂದಿ ಹೆಂಗಸರು. ಜಗತ್ತಿನ ಸರಾಸರಿಯನ್ನು ತೆಗೆದರೆ ಆ ಸಂಖ್ಯೆ ಐದಾರನ್ನು ದಾಟುವುದಿಲ್ಲ. 1936ರಷ್ಟು ಹಿಂದೆಯೇ ಸರಳಾ ಠಕ್ರಾಲ್ ಎಂಬಾಕೆ ಸೀರೆಯುಟ್ಟುಕೊಂಡೇ ಲಾಹೋರಿನಲ್ಲಿ ವಿಮಾನ ಹಾರಿಸಿ ಲೈಸೆನ್ಸು ಪಡೆದರು. 2016ರಲ್ಲಿ ಭಾರತೀಯ ವಾಯುಪಡೆಯ ಮೊದಲ ಮೂವರು ಸ್ತ್ರೀ ಯುದ್ಧವಿಮಾನ ಚಾಲಕರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಇವರು ಹಾಕ್ ಜೆಟ್ಟಿನ ಮೇಲೆ ಕೈ ಪಳಗಿಸಿಕೊಂಡದ್ದು ನಮ್ಮ ಬೀದರಿನ ವಾಯುನೆಲೆಯಲ್ಲಿಯೇ.

ಈಗ ಮನೆಯಲ್ಲಿ ಕುಳಿತು ಕಂಪ್ಯೂಟರಿನ ಮೇಲೆ ವಿಮಾನ ಹಾರಿಸುವ ಆಟದ ಕಡೆಗೆ ತಿರುಗಿ ನೋಡಿ. ಫ್ಲೈಟ್ ಸಿಮ್ಯುಲೇಟರ್ ಎಂದು ಅದರ ಹೆಸರು. ಈ ಹವ್ಯಾಸಿಗಳನ್ನು ಲೆಕ್ಕ ಹಾಕಿದರೆ ನೂರರಲ್ಲಿ ಐದು ಮಂದಿ ಹೆಂಗಸರೂ ಸಿಕ್ಕುವುದಿಲ್ಲ. ಎಂಥ ವಿಚಿತ್ರ! ನಮ್ಮಲ್ಲಿ ನಿಜವಾದ ವಿಮಾನದ ಬಾಗಿಲು ಹೆಣ್ಣಿಗೆ ಇಷ್ಟಾದರೂ ತೆರೆದಿದೆ. ಬಿದ್ದರೂ ಗಾಯವಾಗದ, ಪೆಟ್ರೋಲು ಖರ್ಚಾಗದ, ಯಾರ ಅಪ್ಪಣೆಯೂ ಬೇಡದ ಆಟದ ವಿಮಾನದ ಬಾಗಿಲು ಮಾತ್ರ ಇನ್ನೂ ಬಿಗಿಯಾಗಿದೆ. ಹೆಂಗಸರಿಗೆ ಯಂತ್ರದ ಮೇಲೆ ಒಲವಿಲ್ಲ ಎಂಬ ಹಳೆಯ ಸಮಾಧಾನ ಇಲ್ಲಿ ನಡೆಯದು. ತಪ್ಪನ್ನು ಆಟದಲ್ಲಿಯೇ ಹುಡುಕಬೇಕು.

ಈ ಆಟದ ಹುಟ್ಟು ಸ್ವಾರಸ್ಯವಾದದ್ದು. ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ತರುಣನಿದ್ದ. ಅವನ ತಂದೆಗೆ ಪಿಯಾನೋ, ಆರ್ಗನ್ ಮುಂತಾದ ವಾದ್ಯಗಳನ್ನು ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಮ್ಮಿಗೆ ತಿದಿ ಇರುತ್ತದಲ್ಲವೆ? ಆರ್ಗನ್ನಿನ ಅಂಥ ತಿದಿಗಳನ್ನೇ ಒಂದು ಮರದ ಪುಟ್ಟ ವಿಮಾನದ ಕೆಳಗೆ ಜೋಡಿಸಿ, ಚಾಲಕನು ಕೋಲನ್ನು ಎಳೆದರೆ ಮೂತಿ ಮೇಲೇಳುವಂತೆ, ಪಕ್ಕಕ್ಕೆ ತಳ್ಳಿದರೆ ವಾಲುವಂತೆ ಲಿಂಕ್ ಮಾಡಿದ. ಇದು 1929ರ ಮಾತು. ಮೊದಮೊದಲು ಕೊಂಡವರು ವಿನೋದದ ಬಯಲುಗಳನ್ನು ನಡೆಸುವವರು. ನಮ್ಮ ಜಾತ್ರೆಯ ತಿರುಗಣಿಯ ಹಾಗೆ ಅದೂ ಒಂದು ಮೋಜು. 1934ರಲ್ಲಿ ಅಮೆರಿಕದ ಸೇನೆ ಅದನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ವೈಮಾನಿಕರು ಅದರಲ್ಲಿ ಪಾಠ ಕಲಿತಿದ್ದರು.

ಆ ಪಾಠವನ್ನು ಹೇಳಿಕೊಟ್ಟವರು ಯಾರು? ಅಮೆರಿಕದ ನೌಕಾಪಡೆಯಲ್ಲಿ ಬಹುಮಟ್ಟಿಗೆ ಈ ಕೆಲಸಕ್ಕೆಂದೇ ಹೆಂಗಸರನ್ನು ತಯಾರು ಮಾಡಿದರು. ಒಳಗೆ ಕತ್ತಲಲ್ಲಿ ಕುಳಿತ ಹುಡುಗನಿಗೆ ದಿಕ್ಕು ತಪ್ಪಿದರೆ, ಹೊರಗೆ ಮೇಜಿನ ಮುಂದೆ ಕುಳಿತು ನಕ್ಷೆಯನ್ನು ನೋಡುತ್ತ ದಾರಿ ಹೇಳುತ್ತಿದ್ದವಳು ಒಬ್ಬ ಶಿಕ್ಷಕಿ. ಅದೇ ಯುದ್ಧದಲ್ಲಿ ತರಬೇತಿ ಮುಗಿಸಿದ 1,074 ಅಮೆರಿಕನ್ ಹೆಂಗಸರು ಸೇನೆಯ ವಿಮಾನಗಳನ್ನು ಕಾರ್ಖಾನೆಯಿಂದ ನೆಲೆಗಳಿಗೆ ಹಾರಿಸಿ ಒಯ್ದರು. ಅವರೂ ಲಿಂಕ್ ಯಂತ್ರದಲ್ಲಿ ಅಭ್ಯಾಸ ಮಾಡಿದವರೇ. ಎಂದರೆ, ಹುಸಿ ಹಾರಾಟದ ಬಾಲ್ಯದಲ್ಲಿ ಹೆಣ್ಣು ಹೊರಗಿನವಳಾಗಿರಲಿಲ್ಲ. ಅದು ಮನೆಯ ಆಟವಾದ ಮೇಲೆ ಹೊರಗಾದಳು.

ಮನೆಯ ಆಟವನ್ನು ಕಟ್ಟಿದವರು ಬ್ರೂಸ್ ಆರ್ಟ್‌ವಿಕ್. ಅವರ ಆಟವನ್ನು 1982ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಐ.ಬಿ.ಎಂ. ಕಂಪ್ಯೂಟರಿಗೆ ಹೊರತಂದಿತು. ಷಿಕಾಗೋ ನಗರದ ಸರೋವರದಂಚಿನ ಮೀಗ್ಸ್ ಫೀಲ್ಡ್ ಎಂಬ ಸಣ್ಣ ನಿಲ್ದಾಣದಲ್ಲಿ, ಓಡುದಾರಿಯ ತುದಿಯಲ್ಲಿ ನಿಮ್ಮ ವಿಮಾನ ನಿಂತಿರುತ್ತಿತ್ತು. ಕೆಳಗೆ ಸಾಲು ಮುಳ್ಳುಗಳು, ಮೇಲೆ ಗೆರೆಗಳಿಂದ ಬರೆದಂಥ ಪ್ರಪಂಚ. ಮುಂದೆ ಏನು? ಅದನ್ನು ಯಾರೂ ಹೇಳುತ್ತಿರಲಿಲ್ಲ. ದಪ್ಪನೆಯ ಕೈಪಿಡಿಯನ್ನು ಓದಿಕೊಂಡು ನೀವೇ ಏರಬೇಕು, ನೀವೇ ಬೀಳಬೇಕು. ಅಲ್ಲಿ ಎಲ್ಲವೂ ಇತ್ತು; ಏತಕ್ಕೆ ಹಾರಬೇಕು ಎಂಬುದೊಂದು ಇರಲಿಲ್ಲ. ವಿಮಾನವೆಂದರೆ ಸಾಕು, ಗುರಿ ಬೇಡ, ಎನ್ನುವ ಹುಡುಗರಿಗೆ ಅದು ಸ್ವರ್ಗ. ಅಂಥ ಹುಡುಗಿಯರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರ ಕೈಗೆ ಆಟ ಹೋಗಿ ಸೇರುವುದು ಹೇಗೆ? ಅಂಗಡಿಯ ಸಾಲಿನಲ್ಲಿ ಅದರ ಪಕ್ಕದಲ್ಲಿದ್ದವು ಯುದ್ಧವಿಮಾನದ ಆಟಗಳು. ಇನ್ನು ಮನೆಯಲ್ಲಿ? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ವಿಚಾರಿಸಿ ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಷರ್ 2002ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಮನೆಗೆ ಬಂದ ಕಂಪ್ಯೂಟರನ್ನು ಎಷ್ಟೋ ಕಡೆ ಇಟ್ಟದ್ದು ಮಗನ ಕೋಣೆಯಲ್ಲಿ.

ಆಟವಷ್ಟೆ, ಆಡದಿದ್ದರೆ ನಷ್ಟವೇನು ಎನ್ನುವಿರಾ? ನಷ್ಟ ಉಂಟು. 2007ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಒಂದು ಪರೀಕ್ಷೆ ನಡೆಸಿದರು. ಒಂದು ವಸ್ತುವನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವುದು, ಕಣ್ಣಂಚಿನಲ್ಲಿ ಸುಳಿದದ್ದನ್ನು ಗುರುತಿಸುವುದು ಇವುಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಅಂತರ ಕಾಣುತ್ತಿತ್ತು. ವೇಗದ ಕಂಪ್ಯೂಟರ್ ಆಟವೊಂದನ್ನು ಹತ್ತು ಗಂಟೆ ಆಡಿಸಿದ ಮೇಲೆ ಇಬ್ಬರೂ ಮುಂದುವರಿದರು. ಹೆಚ್ಚಾಗಿ ಮುಂದುವರಿದವರು ಹೆಂಗಸರು. ಒಂದು ಪರೀಕ್ಷೆಯಲ್ಲಿ ಅಂತರ ಬಹುಮಟ್ಟಿಗೆ ಅಳಿದೇ ಹೋಯಿತು. ಅವರು ಆಡಿಸಿದ್ದು ವಿಮಾನದ ಆಟವನ್ನಲ್ಲ, ಯುದ್ಧದ ಆಟವನ್ನು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆದರೂ ಹುಟ್ಟುಗುಣವೆಂದು ನಾವು ಕೈಬಿಟ್ಟದ್ದು ಎಷ್ಟರ ಮಟ್ಟಿಗೆ ಬರಿಯ ಅಭ್ಯಾಸದ ಕೊರತೆ ಎಂಬುದು ಅದರಿಂದ ಕಾಣುತ್ತದೆ. ಇನ್ನೊಂದು, ಹಣದ ಮಾತು. ವೃತ್ತಿಯ ಚಾಲಕಿಯಾಗಲು ಹತ್ತಾರು ಲಕ್ಷ ರೂಪಾಯಿ ಬೇಕು. ತನಗೆ ಇದು ಹಿಡಿಸುವುದೋ ಇಲ್ಲವೋ ಎಂದು ಹುಡುಗಿಯೊಬ್ಬಳು ಮೊದಲೇ ತಿಳಿದುಕೊಳ್ಳುವುದಕ್ಕೆ ಈ ಆಟಕ್ಕಿಂತ ಅಗ್ಗದ ದಾರಿಯಿಲ್ಲ.

ಹಾಗಾದರೆ ಏನು ಮಾಡಬೇಕು? ವ್ಯಾಪಾರಿಗಳಿಗೆ ಮೊದಲು ಹೊಳೆಯುವುದು ಬಣ್ಣ. ಹುಡುಗಿಯರಿಗೆಂದೇ 1996ರಲ್ಲಿ ಹೊರಬಂದ, ಬಾರ್ಬಿ ಗೊಂಬೆಗೆ ಉಡುಪು ಹೊಲಿಯುವ ಆಟ ಲಕ್ಷಗಟ್ಟಲೆ ಮಾರಾಟವಾಯಿತು. ಸರಿ, ಅದರಿಂದ ವಿಮಾನಕ್ಕೆ ಗುಲಾಬಿ ಬಣ್ಣ ಬಳಿಯಬೇಕೆಂದು ಅರ್ಥವಾಗುವುದಿಲ್ಲ. ಅದಕ್ಕಿಂತ ಜಪಾನಿನ ತೋರು ಇವಾತಾನಿ ಎಂಬುವರ ಯೋಚನೆ ಬೆಲೆಯುಳ್ಳದ್ದು. ಆಟದ ಅಂಗಡಿಗಳಲ್ಲಿ ಎಲ್ಲಿ ನೋಡಿದರೂ ಗುಂಡು ಹಾರಿಸುವ ಆಟ, ಬರಿಯ ಗಂಡುಹುಡುಗರು. ಹೆಂಗಸರೂ ಒಳಗೆ ಬರುವಂಥದು ಏನಾದರೂ ಬೇಕೆಂದು ಅವರು ತಿನ್ನುವುದನ್ನೇ ಆಟ ಮಾಡಿದರು. 1980ರ ‘ಪ್ಯಾಕ್-ಮ್ಯಾನ್’ ಹುಟ್ಟಿದ್ದು ಹಾಗೆ. ಅದನ್ನು ಗಂಡಸರು ಆಡಲಿಲ್ಲವೆ? ಲೋಕವೆಲ್ಲ ಆಡಿತು. 2000ದಲ್ಲಿ ವಿಲ್ ರೈಟ್ ‘ದಿ ಸಿಮ್ಸ್’ ಎಂಬ ಮನೆವಾರ್ತೆಯ ಆಟವನ್ನು ಮಾಡಿದಾಗ ಆಡಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹೆಂಗಸರು. ಅಲ್ಲಿ ಅವರನ್ನು ಸೆಳೆದದ್ದು ಬಣ್ಣವಲ್ಲ, ಜನ. ಯಾರಿಗಾದರೂ ಏನಾದರೂ ಆಗುತ್ತಿರಬೇಕು, ನಾವು ಮಾಡಿದ್ದರಿಂದ ಆಗುತ್ತಿರಬೇಕು.

ವಿಮಾನದ ಆಟಕ್ಕೆ ಬೇಕಾಗಿದ್ದದ್ದೂ ಇದೇ. 2006ರ ಮೈಕ್ರೋಸಾಫ್ಟ್ ಆವೃತ್ತಿಯಲ್ಲಿ ಮೊದಲ ಬಾರಿಗೆ ಕಾರ್ಯಗಳನ್ನು ಕೊಟ್ಟರು: ಇಂಥವರನ್ನು ಕಾಪಾಡಿ ಬಾ, ಇಂಥ ಕಡೆ ಇಳಿಸಿ ಬಾ ಎಂದು. 2020ರ ಆವೃತ್ತಿ ಭೂಮಂಡಲವನ್ನೇ ಪರದೆಗೆ ತಂದಿತು. ಉಪಗ್ರಹ ಮತ್ತು ವಿಮಾನಗಳಿಂದ ತೆಗೆದ ಚಿತ್ರಗಳ ಆಧಾರದ ಮೇಲೆ ಕಟ್ಟಿದ ಅದರಲ್ಲಿ 37,000 ನಿಲ್ದಾಣಗಳಿವೆ. ಕೋವಿಡ್ ರೋಗದಿಂದ ಊರುಗಳು ಬಾಗಿಲು ಹಾಕಿಕೊಂಡಿದ್ದ ಆ ವರ್ಷ ಜನ ಮೊಟ್ಟಮೊದಲು ಮಾಡಿದ್ದು ತಮ್ಮ ಮನೆಯ ಮೇಲೆ ಹಾರಿ ನೋಡಿದ್ದು. ಜೆಟ್ಟಿನ ವೇಗವನ್ನಲ್ಲ, ತಮ್ಮ ಬೀದಿಯನ್ನು ನೋಡಲು ಹೋದರು! 2024ರ ಆವೃತ್ತಿಯಲ್ಲಿ ಚಾಲಕ ವೃತ್ತಿಯನ್ನೇ ಇಟ್ಟಿದ್ದಾರೆ. ಕಾಡಿನ ಬೆಂಕಿಗೆ ನೀರು ಸುರಿಯುವುದು, ಬೆಳೆಗೆ ಔಷಧಿ ಸಿಂಪಡಿಸುವುದು, ಕಳೆದುಹೋದವರನ್ನು ಹುಡುಕುವುದು, ರೋಗಿಗಳನ್ನು ಒಯ್ಯುವುದು ಇವೆಲ್ಲ ಅಲ್ಲಿ ಕೆಲಸಗಳು. ನಲವತ್ತು ವರ್ಷಗಳ ತರುವಾಯ ‘ಏತಕ್ಕೆ’ ಎಂಬುದಕ್ಕೆ ಉತ್ತರ ಬಂದಿತು ಎನ್ನಬಹುದು.

ನನ್ನನ್ನು ಕೇಳಿದರೆ ಇನ್ನೊಂದನ್ನು ಸೇರಿಸಬೇಕು: ನಿಜವಾಗಿ ಹಾರಿದ ಹೆಂಗಸರ ದಾರಿಗಳು. ಆಮಿ ಜಾನ್ಸನ್ ಎಂಬಾಕೆ ಲಂಡನ್ನಿನ ಒಬ್ಬ ವಕೀಲರ ಕಛೇರಿಯಲ್ಲಿ ಕೆಲಸಕ್ಕಿದ್ದವಳು. 1930ರ ಮೇ 5ರಂದು ಒಂದೇ ಎಂಜಿನ್ನಿನ, ಮೇಲ್ಚಾವಣಿಯಿಲ್ಲದ ವಿಮಾನದಲ್ಲಿ ಒಬ್ಬಳೇ ಹೊರಟು 24ರಂದು ಆಸ್ಟ್ರೇಲಿಯದ ಡಾರ್ವಿನ್ ತಲಪಿದಳು. ದಾರಿಯಲ್ಲಿ ಕರಾಚಿ, ಝಾನ್ಸಿ, ಅಲಹಾಬಾದು, ಕಲ್ಕತ್ತ. ಅಲಹಾಬಾದಿಗೆಂದು ಹೊರಟವಳು ಪೆಟ್ರೋಲು ಸಾಲದೆ ಝಾನ್ಸಿಯಲ್ಲಿ ಸೈನಿಕರ ಪೆರೇಡಿನ ಬಯಲಿಗೇ ಇಳಿಸಿಬಿಟ್ಟಳು. ರಂಗೂನಿನ ಹತ್ತಿರ ಆಟದ ಬಯಲೊಂದರಲ್ಲಿ ಇಳಿಯುವಾಗ ವಿಮಾನ ಹಳ್ಳಕ್ಕೆ ಹೊಕ್ಕು ಜಖಂ ಆಯಿತು; ಅಲ್ಲಿಯ ಎಂಜಿನಿಯರಿಂಗ್ ಶಾಲೆಯವರು ಸೇರಿ ಸರಿಮಾಡಿ ಕಳಿಸಿದರು. ಇಷ್ಟು ಕಥೆಯಿರುವಾಗ ಕಟ್ಟುಕಥೆ ಏಕೆ? ಒಂದೊಂದು ಮಜಲನ್ನು ಒಂದೊಂದು ಸಂಜೆಯ ಆಟವಾಗಿ ಕೊಟ್ಟರೆ, ಭೂಗೋಳದ ಪಾಠವೂ ಅದರೊಳಗೇ ಆಗಿಹೋಗುತ್ತದೆ.

ಎರಡನೆಯದು ಮೊದಲ ಒಂದು ಗಂಟೆ. ಕಲಿಯದವಳನ್ನು ನೂರು ಗುಂಡಿಗಳ ಮುಂದೆ ಕೂರಿಸಿ, ಎಂಜಿನ್ ಚಾಲೂ ಮಾಡೆಂದರೆ ಆಕೆ ಎದ್ದುಹೋಗುತ್ತಾಳೆ. ಗಂಡಸರಲ್ಲಿಯೂ ಬಹಳ ಮಂದಿ ಹೋಗುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ಒಳ್ಳೆಯ ಶಿಕ್ಷಕ ಮೊದಲು ಆಕಾಶದಲ್ಲಿ ಕೋಲನ್ನು ಕೈಗೆ ಕೊಡುತ್ತಾನೆ. ಏರಿಸುವುದು ಇಳಿಸುವುದು ಆಮೇಲೆ. 2020ರ ಆಟದಲ್ಲಿ ಪಾಠ ಹೇಳುವ ದನಿ ಹೆಂಗಸಿನದು, ಕಲಿಸುವ ವಿಮಾನ ಸಣ್ಣ ಸೆಸ್ನಾ. ಇದು ಸರಿಯಾದ ಕ್ರಮ.

ಸಾಧನಗಳ ವಿಷಯ ಹೆಚ್ಚು ಹೇಳಬೇಕಾಗಿಲ್ಲ. 1990ರ ದಶಕದಲ್ಲಿ ಅಮೆರಿಕದ ಸೇನೆ ಹೊಸ ತರಬೇತಿ ವಿಮಾನವನ್ನು ಆರಿಸುವಾಗ, ಅರ್ಹ ಹೆಂಗಸರಲ್ಲಿ ನೂರಕ್ಕೆ ಎಂಬತ್ತು ಮಂದಿಗಾದರೂ ಆಸನ ಹೊಂದಬೇಕೆಂದು ಕಟ್ಟಳೆ ಮಾಡಿತು. ಆಟದ ಜಾಯ್‌ಸ್ಟಿಕ್ ಮಾಡುವವರು ಇನ್ನೂ ದೊಡ್ಡ ಅಂಗೈಯನ್ನೇ ನೆನೆದು ಮಾಡುತ್ತಿದ್ದಾರೆ. ಕಣ್ಣಿಗೆ ಕಟ್ಟಿಕೊಂಡು ನೋಡುವ ವಿ.ಆರ್. ಪೆಟ್ಟಿಗೆಯೂ ಹಾಗೆಯೇ. ಎರಡು ಪಾಪೆಗಳ ನಡುವಿನ ಅಂತರ ಗಂಡಸರಲ್ಲಿ ಸರಾಸರಿ 64 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 62. ಗಾಜು ಆ ಅಳತೆಗೆ ಹೊಂದದಿದ್ದರೆ ತಲೆ ತಿರುಗುತ್ತದೆ, ಹೊಟ್ಟೆ ತೊಳಸುತ್ತದೆ. ಹೆಂಗಸರ ತಲೆ ಸೂಕ್ಷ್ಮ ಎಂದು ನಕ್ಕವರು ಗಾಜನ್ನು ಅಳೆದು ನೋಡಲಿಲ್ಲ. 2020ರ ಒಂದು ಸಂಶೋಧನೆ ಅಳೆದು ನೋಡಿ ಇದೇ ಮುಖ್ಯ ಕಾರಣವೆಂದು ಹೇಳಿತು.

ಇನ್ನು ಜೊತೆ. ಬೇರೆ ಬೇರೆ ಊರುಗಳಲ್ಲಿ ಕುಳಿತವರು ಒಂದೇ ಆಕಾಶದಲ್ಲಿ ಹಾರುವ, ನಿಯಂತ್ರಣ ಗೋಪುರದಿಂದ ನಿಜವಾದ ಮನುಷ್ಯರೇ ಅಪ್ಪಣೆ ಕೊಡುವ ‘ವ್ಯಾಟ್‌ಸಿಮ್’ ಎಂಬ ಜಾಲ 2001ರಿಂದ ನಡೆದಿದೆ. ಆದರೆ ಸಾಮಾನ್ಯವಾಗಿ ಇಂಥ ಆಟಗಳ ಜಾಲಗಳಲ್ಲಿ ಹೆಣ್ಣಿನ ದನಿ ಕೇಳಿದೊಡನೆ ಕುಚೋದ್ಯ ಮಾಡುವವರುಂಟು. ಗಂಡಸಿನ ಹೆಸರಿಟ್ಟುಕೊಂಡು, ದನಿ ಮುಚ್ಚಿಕೊಂಡು ಆಡುವ ಹೆಂಗಸರು ಅನೇಕ. ಇದಕ್ಕೆ ಬಣ್ಣವೂ ಬೇಡ, ಕಥೆಯೂ ಬೇಡ. ಜಾಲ ನಡೆಸುವವರು ಅಂಥವರನ್ನು ಹೊರಗೆ ಹಾಕಿದರೆ ತೀರಿತು. ಹೆಂಗಸರೇ ಕೂಡಿ ಹಾರುವುದೂ ಒಳ್ಳೆಯದು. 1929ರಲ್ಲಿ ಅಮೆರಿಕದ ತೊಂಬತ್ತೊಂಬತ್ತು ಸ್ತ್ರೀ ವೈಮಾನಿಕರು ಹಾಗೆಯೇ ಕೂಡಿದರು. ಅವರ ಸಂಘಕ್ಕೆ ಇಂದಿಗೂ ‘ನೈಂಟಿ-ನೈನ್ಸ್’ ಎಂದೇ ಹೆಸರು.

ನಿಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗಿಯಿದ್ದರೆ ಆಟದ ಕಂಪನಿಗಳಿಗಾಗಿ ಕಾಯಬೇಕಾಗಿಲ್ಲ. 1997ರಿಂದ ಬರುತ್ತಿರುವ ‘ಫ್ಲೈಟ್‌ಗಿಯರ್’ ಎಂಬ ಆಟಕ್ಕೆ ಕಾಸು ಕೊಡಬೇಕಿಲ್ಲ. ಕಂಪ್ಯೂಟರನ್ನು ನಡುಮನೆಯಲ್ಲಿಡಿ. ಸಣ್ಣ ಸೆಸ್ನಾ ವಿಮಾನ, ಬೆಳಗಿನ ಹೊತ್ತು, ಮೋಡವಿಲ್ಲದ ಆಕಾಶ, ಮೂರು ಸಾವಿರ ಅಡಿ ಎತ್ತರದಲ್ಲಿ ಆಗಲೇ ಹಾರುತ್ತಿರುವ ಸ್ಥಿತಿ, ಹೀಗೆ ಆರಿಸಿಕೊಡಿ. ಮೊದಲ ದಿನ ನೇರವಾಗಿ ಹೋಗುವುದು, ಎಡಕ್ಕೆ ಬಲಕ್ಕೆ ತಿರುಗುವುದು, ಅಷ್ಟೆ. ಎರಡನೆಯ ದಿನ ಎತ್ತರ ಕಳೆದುಕೊಳ್ಳದೆ ತಿರುಗುವುದು. ಇದು ಸುಲಭವಲ್ಲ, ನೀವೂ ಮಾಡಿ ನೋಡಿ. ಬಿದ್ದರೆ ನಗಬೇಡಿ. ಅಣ್ಣನು ಪಕ್ಕದಲ್ಲಿ ನಿಂತು ಹೇಳಿಕೊಡಲು ಬಂದರೆ ನಕ್ಷೆ ಹಿಡಿಯುವ ಕೆಲಸ ಅವನಿಗೆ ಕೊಡಿ. ಕೋಲು ಅವಳ ಕೈಯಲ್ಲೇ ಇರಲಿ. ವಾರದ ಕೊನೆಗೆ ಬೆಂಗಳೂರಿನಿಂದ ಹೊರಟು, ಕಾವೇರಿಯನ್ನು ದಾಟಿ ಹೋಗಿ ಮೈಸೂರಿನಲ್ಲಿ ಇಳಿಸೆಂದು ಹೇಳಿ.